ಚಿಂಪಾಂಜಿ ಕಾಡಿನ ಕೆಮ್ಮು

ದೀಪ ಆರುವುದನ್ನೇ ಕಾಯುತ್ತಿದ್ದವನಂತೆ ತಿಪ್ಪೇಶ್ ಸಭಾಂಗಣದೊಳಗೆ ನುಗ್ಗಿ ಕೊನೆಯ ಸಾಲಿನಲ್ಲಿ ಕುಳಿತ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಹೊರಗೆ ತೆಗೆಯಲಿಲ್ಲ.

ಪರದೆಯ ಮೇಲೆ ಉಗಾಂಡಾದ ಮಳೆಕಾಡು. ಮೈಕ್ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದವನು ಭಾರ್ಗವ್, ಹೊಸಪೇಟೆಯ ಬ್ಯಾಂಕ್ ಅಧಿಕಾರಿ, ತಿಪ್ಪೇಶನ ಕಾಲೇಜು ದಿನಗಳ ಗೆಳೆಯ. ದರೋಜಿಯ ಬಂಡೆಗಳ ನಡುವೆ, ಹಂಪಿಯ ಮಾತಂಗ ಬೆಟ್ಟದಲ್ಲಿ, ಒಂದೇ ದುರ್ಬೀನಿನಲ್ಲಿ ಸರದಿಯಂತೆ ಹಕ್ಕಿ ನೋಡಿ ಬೆಳೆದವರು ಇಬ್ಬರೂ. ಚಿಂಪಾಂಜಿ ನೋಡಬೇಕೆಂದು ಆಫ್ರಿಕಾಕ್ಕೂ ಒಟ್ಟಿಗೇ ಹೋಗಿದ್ದರು. ಕಾಡಿನೊಳಗೆ ಹೋದವನು ಮಾತ್ರ ಒಬ್ಬನೇ.

ಪಕ್ಕದ ಕುರ್ಚಿಯಲ್ಲಿದ್ದ ಸುವರ್ಣಮ್ಮ, ಪಕ್ಷಿಬಳಗದ ಹಿರಿಯರು, ಸ್ವಲ್ಪ ದೂರ ಸರಿದರು. ಸರಿದದ್ದಕ್ಕೆ ನಾಚಿಕೆಯಾಯಿತೇನೋ, ಮತ್ತೆ ಬಗ್ಗಿ ಕೇಳಿದರು.

"ಕೆಮ್ಮು ಹೆಂಗೈತ್ರಿ ಮೇಷ್ಟ್ರೇ?"

"ಇನ್ನೂ ಹೋಗಿಲ್ರಿ ಅದು," ಎಂದ ತಿಪ್ಪೇಶ್, ವೇದಿಕೆಯಿಂದ ಕಣ್ಣು ಕೀಳದೆ.

"ನಿಮ್ಮ ಸಂಡೂರಿನ ಗಣಿ ಧೂಳು. ಸುಮ್ನ ಬಿಡಂಗಿಲ್ಲ."

ವೇದಿಕೆಯ ಮೇಲೆ ಭಾರ್ಗವ್ ಆ ಕಥೆಗೇ ಬಂದಿದ್ದ. ಮನುಷ್ಯರ ನೆಗಡಿ ತಗುಲಿದರೆ ಚಿಂಪಾಂಜಿ ಸತ್ತೇಹೋಗಬಹುದು; ಕೆಮ್ಮುವವರಿಗೆ ಆ ಕಾಡಿನೊಳಗೆ ಪ್ರವೇಶವಿಲ್ಲ. ಕಾಡಿಗೆ ಹೋಗುವ ಹಿಂದಿನ ರಾತ್ರಿ ಇಬ್ಬರೂ ಇದ್ದ ಲಾಡ್ಜಿನ ಕೋಣೆಯಿಂದ ಒಂದೇ ಸಮನೆ ಕೆಮ್ಮು ಕೇಳಿಸಿತ್ತು. ಹಲಗೆಯ ಗೋಡೆ, ಪಕ್ಕದ ಕೋಣೆಯವರು ಹೋಗಿ ದೂರು ಕೊಟ್ಟಿದ್ದರು.

ತಿಪ್ಪೇಶನಿಗೆ ಆ ರಾತ್ರಿ ಚೆನ್ನಾಗಿ ನೆನಪಿತ್ತು. ನಿದ್ದೆಯಿಲ್ಲದೆ ಎದ್ದು ನೀರು ಕಾಯಿಸಿದ್ದ. ದಿನವಿಡೀ ಪಾಠ ಹೇಳುವ ಗಂಟಲಿಗೆಂದು ಸದಾ ಜೇಬಿನಲ್ಲಿಡುವ ಜೇಷ್ಠಮಧುವನ್ನು ಮುರಿದು, ಜಜ್ಜಿ, ಅದರಲ್ಲಿ ಕುದಿಸಿದ್ದ. ನಸುಕಿಗೆ ಕೆಮ್ಮು ಅಡಗಿತ್ತು.

ಬೆಳಿಗ್ಗೆ ಗೈಡ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದ, ಆ ಕೋಣೆಯಲ್ಲಿ ಕೆಮ್ಮಿದ್ದು ಯಾರು? ಭಾರ್ಗವ್ ಗೆಳೆಯನ ಕಡೆ ಬೆರಳು ತೋರಿಸಿದ. ಗಣಿ ಊರಿನವನು, ಪಾಪ, ಎಂದೂ ಸೇರಿಸಿದ. ತಿಪ್ಪೇಶ್ ಅವನ ಮುಖವನ್ನೇ ನೋಡಿದ. ಸಾಲಿನಿಂದ ಈಚೆಗೆ ಬಂದ. ಉಳಿದವರು ಮಾಸ್ಕ್ ಕಟ್ಟಿಕೊಂಡು ಕಾಡಿನೊಳಗೆ ಹೊರಟರು. ಅವನು ಲಾಡ್ಜಿನ ಮೆಟ್ಟಿಲ ಮೇಲೆ ಕುಳಿತ. ಎದುರಿನ ಮರಕ್ಕೆ ಕೋಳಿ ಗಾತ್ರದ ನೀಲಿ ಹಕ್ಕಿಯೊಂದು ಬಂದು ಕೂತರೂ ದುರ್ಬೀನು ಎತ್ತಲಿಲ್ಲ. ಕಾಡಿನ ಒಳಗೆಲ್ಲೋ ಚಿಂಪಾಂಜಿಗಳು ಕೂಗುತ್ತಿದ್ದವು. ಹುಡುಗರಿಗೆ ಚಿತ್ರದಲ್ಲಿ ಮಾತ್ರ ತೋರಿಸಿದ್ದ ಪ್ರಾಣಿ. ಅವನ ಪಾಲಿಗೆ ಬಂದದ್ದು ಆ ಕೂಗಷ್ಟೇ.

"ದೋಸ್ತಿ ದೊಡ್ಡದೋ, ಕಾಡು ದೊಡ್ಡದೋ?" ಭಾರ್ಗವನ ದನಿ ಭಾರವಾಯಿತು. "ಭಾಳ ಸಂಕಟ ಆತು ನನಗ. ಆದ್ರ ಹೇಳಲೇಬೇಕಾತು."

ಚಪ್ಪಾಳೆ. ತಲೆಗಳು ಹಿಂದಕ್ಕೆ ತಿರುಗಿದವು.

"ಲೇ ತಿಪ್ಪ, ಸಿಟ್ಟಿಲ್ಲಲ್ಲ?"

ಎಲ್ಲರೂ ನಕ್ಕರು. ಜೇಬಿನೊಳಗೆ ತಿಪ್ಪೇಶನ ಮುಷ್ಟಿ ಬಿಗಿಯಿತು. ತಿಂಗಳಿನಿಂದ ಬಳಗದವರು ಅವನನ್ನು ಹಕ್ಕಿ ನೋಡಲು ಕರೆದಿರಲಿಲ್ಲ. ಕೆಮ್ಮು ಮುಚ್ಚಿಟ್ಟು ಮೂಕಪ್ರಾಣಿಗಳ ನಡುವೆ ಹೋಗಲು ನೋಡಿದವನು ಎಂಬ ಹೆಸರು ಅಂಟಿಕೊಂಡಿತ್ತು.

ಪರದೆಯ ಮೇಲೆ ಈಗ ತಾಯಿ ಚಿಂಪಾಂಜಿ, ಎದೆಗೆ ಕಚ್ಚಿಕೊಂಡ ಮರಿ. ಹಂಪಿ ಮುಸುವನಂಗ ಬಾಲ ಎತ್ತಿ ಓಡ್ತಾವೇನ್ರಿ ಎಂದು ಕತ್ತಲಲ್ಲಿ ಯಾರೋ ಕೇಳಿದರು. ಅವಕ್ಕೆ ಬಾಲವೇ ಇಲ್ಲ ಎಂದ ಭಾರ್ಗವ್, ಬಾಟಲಿ ಎತ್ತಿ ನೀರು ಕುಡಿದ. ಬಾಟಲಿ ಆಗಲೇ ಮುಕ್ಕಾಲು ಖಾಲಿಯಾಗಿತ್ತು.

"ಇದು ನನಗ ನಾಲ್ಕು ಮಾರು ದೂರ ಇತ್ತು. ಈ ಮರಿ ಸೀದಾ ನನ್ನ ಕಡೆಗೇ..."

ಮಾತು ತುಂಡಾಯಿತು. ಅವನು ಕೆಮ್ಮಿದ. ನೀರು ಕುಡಿದು ಮತ್ತೆ ಕೆಮ್ಮಿದ. ಗರಗಸ ಎಳೆದಂಥ ಆ ಸದ್ದು ಮೈಕಿನಿಂದ ಸಭಾಂಗಣವನ್ನೆಲ್ಲ ತುಂಬಿತು.

ತಿಪ್ಪೇಶ್ ಎದ್ದ. ಸುವರ್ಣಮ್ಮ ಅವನ ತೋಳು ಹಿಡಿದರು.

"ಬ್ಯಾಡ್ರಿ ಮೇಷ್ಟ್ರೇ. ಎಲ್ಲಾರ ಮುಂದ ಬ್ಯಾಡ."

ಅವನು ಬಿಡಿಸಿಕೊಂಡು ನಡೆದ. ಅವನ ನೆರಳು ಪರದೆಯ ಮರಿಯ ಮೇಲೆ ಬಿತ್ತು. ಜೇಬಿನಿಂದ ಕೈ ಹೊರಬಂತು. ಅಂಗೈಯಲ್ಲಿ ಮುರಿದ ಜೇಷ್ಠಮಧುವಿನ ತುಂಡು.

"ತಗೋ ಭಾರ್ಗು. ಅರ್ಧ ಆ ರಾತ್ರಿ ನಿನಗ ಕುದಿಸಿ ಕುಡಿಸಿದ್ದೆ. ಉಳಿದರ್ಧ ಇದು. ಅವತ್ತು ಇದರಿಂದನ ನಿನ್ನ ಕೆಮ್ಮು ನಿಂತಿತ್ತಲ್ಲ."

ಮೈಕ್ ಇನ್ನೂ ಆನ್ ಇತ್ತು; ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು. ಭಾರ್ಗವ್ ಆ ಅಂಗೈಯನ್ನೇ ನೋಡಿದ.

"ನನಗ ಬ್ಯಾಡ."