ಎರಡು ಮರಳಿನ ಮೂಟೆ

ಮೆಕ್ಯಾನಿಕ್ ಬ್ಯಾರಿ ದೊಡ್ಡ ಮರಳಿನ ಮೂಟೆಯನ್ನು ಡ್ರೈವರ್ ಸೀಟಿನ ಮೇಲೆ ಧೊಪ್ಪೆಂದು ಹಾಕಿ, ಚಿಕ್ಕದನ್ನು ಪಕ್ಕದ ಸೀಟಿಗಿಟ್ಟ. ದೊಡ್ಡದು ಕಾರಿನ ಯಜಮಾನ ಹೆಡ್ಲಿಯ ತೂಕಕ್ಕೆ, ಚಿಕ್ಕದು ಅವನ ಹೆಂಡತಿ ಮೇವಿಸಳ ತೂಕಕ್ಕೆ ಸಮ. ನಲವತ್ತು ವರ್ಷದ ಕಾರಿನ ಮುಂಭಾಗಕ್ಕೆ ಹೊಸ ಸ್ಪ್ರಿಂಗು, ಕೀಲುಗಳಿಗೆ ಹೊಸ ರಬ್ಬರ್ ಬುಶ್ಶು ಹಾಕಿದ್ದಾಗಿತ್ತು. ಕೂರುವವರ ಭಾರ ಹೊತ್ತಾಗಲೇ ಬೋಲ್ಟು ಬಿಗಿಯಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ.

"ಇನ್ಮೇಲೆ ಸ್ಕಾಟ್ಲೆಂಡ್‌ವರೆಗೂ ಒಂದೇ ಕೈಯಲ್ಲಿ ಓಡಿಸ್ಬೋದು ಮಾರಾಯ," ಎಂದು ಬ್ಯಾರಿ ಸ್ಪ್ಯಾನರ್ ಎತ್ತಿಕೊಂಡ.

ಮೇವಿಸ್ ಚಹಾದ ಮಗ್ಗು ಹಿಡಿದು ಗಂಡನನ್ನೇ ನೋಡುತ್ತಿದ್ದಳು. ಇನ್ನು ಗಾಡಿ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಅವನಿಗೆ ಹೇಳಿ ತಿಂಗಳಾಗಿತ್ತು. ಹೆಡ್ಲಿ ಆ ಮಾತನ್ನೇ ಎತ್ತಿರಲಿಲ್ಲ. ಕೀಲಿ ಅವನ ಜೇಬು ಬಿಟ್ಟಿರಲಿಲ್ಲ.

"ಒಂದ್ನಿಮಿಷ ತಡಿ." ಹೆಡ್ಲಿ ತಡಕಾಡಿ ಬಾಗಿಲು ತೆರೆದ. ಏದುಸಿರು ಬಿಡುತ್ತ ಎರಡೂ ಮೂಟೆಗಳನ್ನು ಅದಲು ಬದಲು ಮಾಡಿದ. ಸ್ಟೀರಿಂಗಿನ ಹಿಂದೆ ಕೂತ ಚಿಕ್ಕ ಮೂಟೆಯ ಮೇಲೊಮ್ಮೆ ಕೈಯಾಡಿಸಿದ.

"ಯಾಕೋ, ಉಲ್ಟಾ ಆಯ್ತಲ್ಲ?"

"ಸರಿಯಾಗೇ ಇದೆ. ಈಗ ಬಿಗಿ ಮಾಡು."

ಮೇವಿಸ್ ಮಗ್ಗನ್ನು ಕೆಳಗಿಟ್ಟಳು. "ಆ ದೊಡ್ಡ ಮೂಟೆ ದಾರಿ ಉದ್ದಕ್ಕೂ ನಂಗೆ ಪಾಠ ಹೇಳ್ತಾ ಕೂರಲ್ಲ ತಾನೆ?"

ಹೆಡ್ಲಿ ಜೇಬಿಗೆ ಕೈ ಹಾಕಿ, ಬೆಚ್ಚಗಿದ್ದ ಕೀಲಿಯನ್ನು ಅವಳ ಅಂಗೈಗಿಟ್ಟ.