ಮೂರು ತಿಂಗಳು ಬಂದ ಸೆಲ್

"ಅಮ್ಮ, ಒಂದು ಸೆಲ್ ಎಷ್ಟು ದಿನ ಬರುತ್ತೆ ಅಂತ ಕೇಳ್ತಿದಾನೆ," ಎಂದು ಚಾಲೈ ಬಜಾರಿನ ಅಂಗಡಿಯವನ ಮಲಯಾಳವನ್ನು ವಿಶ್ವೇಶ್ವರ ತಾಯಿಗೆ ಕನ್ನಡದಲ್ಲಿ ಹೇಳಿದ. ತಾನು ಕೆಲಸ ಮಾಡುವ ರಾಕೆಟ್ ಕೇಂದ್ರದ ಬಸ್ಸು ತಪ್ಪೀತೆಂದು ನಿಂತಲ್ಲಿ ನಿಲ್ಲದೆ ವಾಚು ನೋಡಿಕೊಳ್ಳುತ್ತಿದ್ದ. ಅಮ್ಮನ ಕಿವಿಯಂತ್ರಕ್ಕೆ ಮತ್ತೆ ಮತ್ತೆ ಚಾರ್ಜ್ ಮಾಡುವ ಹೊಸ ಸೆಲ್ಲೇ ಬೇಕೆಂದು ಹಟ ಹಿಡಿದು ಬಂದವನು ಅವನೇ.

"ಹೋದ್ಸಲದ್ದು ಮೂರು ತಿಂಗಳು ಬಂತಪ್ಪ," ಎಂದರು ವೇದವತಿ, ಹೆಮ್ಮೆಯಿಂದ.

ಮಗ ಅದನ್ನು ಮಲಯಾಳದಲ್ಲಿ ಹೇಳಿದಾಗ ಅಂಗಡಿಯವನು ನಕ್ಕುಬಿಟ್ಟ. ದಿನವಿಡೀ ಹಾಕಿಕೊಂಡರೆ ಹತ್ತು ದಿನ ಬಂದರೆ ಹೆಚ್ಚು. ಚಾರ್ಜಿನ ಸೆಲ್ಲು ಸುಮ್ಮನೆ ಇಟ್ಟರೂ ಇಳಿದುಹೋಗುತ್ತದೆ, ಇಷ್ಟು ಕಡಿಮೆ ಬಳಸುವ ಇವರಿಗೆ ಸಾದಾ ಸೆಲ್ಲೇ ಸರಿ ಎಂದ.

"ಯಾಕಮ್ಮ, ಆಫ್ ಮಾಡಿ ಇಟ್ಟಿರ್ತೀಯಾ?"

"ಮತ್ತಿನ್ನೇನು? ನಿನ್ನ ಮಕ್ಕಳು ಮಲಯಾಳದಲ್ಲಿ ಮಾತಾಡ್ಕೋತಾವೆ, ನನಗೇನು ತಿಳಿಯುತ್ತೆ? ಸುಮ್ನೆ ಸೆಲ್ ದಂಡ. ನೀನು ಎದುರಿಗೆ ಬಂದು ಮಾತಾಡ್ಸಿದಾಗ ಹಾಕ್ಕೋತೀನಿ."

ವಿಶ್ವೇಶ್ವರನಿಗೆ ಬಸ್ಸು ಮರೆತುಹೋಯಿತು. ಅವನು ಸುಮ್ಮನಾದದ್ದನ್ನು ಕಂಡು ವೇದವತಿ, ಎಂದಿನ ಅಭ್ಯಾಸದಂತೆ, ಎದೆಯ ಬಳಿ ಸಿಕ್ಕಿಸಿದ್ದ ಕಿವಿಯಂತ್ರದ ಡಬ್ಬಿಯ ಗುಂಡಿಯನ್ನು ತಿರುಗಿಸಿ ಆರಿಸಿದರು.