ಸೋದರಮಾವನ ತೊಡೆ

ಅಕ್ಕಸಾಲಿ ಚಿನ್ನದ ತಂತಿ ಚುಚ್ಚುತ್ತಲೇ ಮಗು ಚೀರಿ ಕಾಂತೇಶನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಗುಬ್ಬಿ ಊರಿನಲ್ಲಿರುವ ಅವನ ತಂಗಿ ಮನೆಯಲ್ಲಿ ಕಿವಿ ಚುಚ್ಚುವ ಶಾಸ್ತ್ರ. ಅದಕ್ಕೆ ಸೋದರಮಾವನ ತೊಡೆಯೇ ಆಗಬೇಕು.

ತುಮಕೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ಕಾಂತೇಶ ಮೊನ್ನೆ ತಾನೇ ಲೈಬ್ರರಿಯಲ್ಲಿ ಓದಿದ್ದ: ಗಂಡಸನ್ನೇ ಬಯಸುವ ಗಂಡಸು ಒಡಹುಟ್ಟಿದವರ ಮಕ್ಕಳನ್ನು ಸಾಕಲು ನೆರವಾಗುತ್ತಾನೆ, ಅದಕ್ಕೇ ಪ್ರಕೃತಿ ಅವನನ್ನು ಉಳಿಸಿಕೊಂಡಿರಬಹುದು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ತಾನು ಹೀಗಿರುವುದಕ್ಕೂ ಒಂದು ಕಾರಣ ಸಿಕ್ಕಿತೆಂದು ಆ ಪುಟವನ್ನು ಜೆರಾಕ್ಸ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ.

"ಕೊಡಣ್ಣ ಇಲ್ಲಿ, ನಿನ್ ಕೆಲ್ಸ ಮುಗೀತು" ಎಂದು ತಂಗಿ ತ್ರಿವೇಣಿ ನಗುತ್ತಾ ಮಗುವನ್ನು ಎತ್ತಿಕೊಂಡಳು. ಅವಳ ಹೆಗಲಿಗೆ ಒರಗಿದ್ದೇ ತಡ, ಅಳು ನಿಂತಿತು.

ಕಾಂತೇಶ ಹಾಕಿದ ಚಕ್ಕಳಮಕ್ಕಳ ಬಿಚ್ಚದೆ ಕೂತೇ ಇದ್ದ. ತೊಡೆಯ ಮೇಲಿನ ಬಿಸುಪು ಆರುತ್ತಿತ್ತು. ಮಗುವನ್ನು ವಾಪಸ್ಸು ಕೊಟ್ಟ ಮೇಲೆ ಆ ಮಾವ ಯಾರಿಗೋಸ್ಕರ ಮನೆಗೆ ಹೋಗಬೇಕೆಂದು ಜೇಬಿನ ಹಾಳೆಯಲ್ಲಿ ಬರೆದಿರಲಿಲ್ಲ.